ಅಪ್‌ಡೇಟ್: ಸೆಕೆಂಡ್ ಹ್ಯಾಂಡ್ ಬೈಕ್ ಕೊನೆಗೂ ತಗೊಂಡೆ
ಹೊಸದಾಗಿ ಬೈಕ್ ಕಲಿತವನು ಶಿವಮೊಗ್ಗದಲ್ಲಿ ಹಳೇ ಗಾಡಿ ತಗೊಳ್ಳುವಾಗ ಏನು ನೋಡಬೇಕು ಅಂತ ಕೇಳಿದ್ದೆ ಅಲ್ವಾ? ತೀರ್ಥಹಳ್ಳಿ ಕಡೆಯವರೊಬ್ಬರ ಸ್ಪ್ಲೆಂಡರ್ ತಗೊಂಡೆ.

‘ಎಂಜಿನ್ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ’ ಅಂದವರಿಗೆ ಥ್ಯಾಂಕ್ಸ್. ಮೊದಲು ನೋಡಿದ ಬೈಕ್ ನೀಲಿ ಹೊಗೆ ಬಿಟ್ಟಿತು, ಅಂದರೆ ಆಯಿಲ್ ಸುಡುತ್ತಿತ್ತು. ಅಲ್ಲಿಗೇ ಕೈಬಿಟ್ಟೆ. ಕಿಲೋಮೀಟರ್ ನೋಡಿ ಅನ್ನೋ ಸಲಹೆ ಮಾತ್ರ ಉಪಯೋಗಕ್ಕೆ ಬರಲಿಲ್ಲ. ನಾನು ತಗೊಂಡ ಗಾಡಿಯ ಮೀಟರ್ ಕೇಬಲ್ ಯಾವಾಗಲೋ ತುಂಡಾಗಿತ್ತು! ನಮ್ಮ ಮಳೆಗೆ ತುಕ್ಕು ಹಿಡಿಯೋದು ಸೈಲೆನ್ಸರ್ ಅಡಿ, ಸ್ಟ್ಯಾಂಡ್ ಬುಡದಲ್ಲಿ. ಬಗ್ಗಿ ನೋಡಿ, ಸುಮ್ನೆ ಪಾಲಿಶ್ ನಂಬಬೇಡಿ.

ಯಾರೂ ಹೇಳದೇ ಇದ್ದದ್ದು ಇದು: ಹಳೇ ಓನರ್ ಬೈಕ್ ಸಾಲ ತೀರಿಸಿದ್ದರೂ ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಬ್ಯಾಂಕ್ ಹೆಸರು ಹಾಗೇ ಇತ್ತು. ಅದನ್ನು ತೆಗೆಸಲು ಬ್ಯಾಂಕಿನ ಎನ್‌ಒಸಿ (ನಮ್ಮ ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಆರ್‌ಟಿಒ ಫಾರ್ಮ್ 35 ಬೇಕು. ಹೆಸರು ಬದಲಾವಣೆಗೆ ಫಾರ್ಮ್ 29, 30. ಎನ್‌ಒಸಿ ಕೈಗೆ ಬಂದ ಮೇಲೇ ಬಾಕಿ ದುಡ್ಡು ಕೊಟ್ಟೆ.