ಸೂರು ಎತ್ತಿಸುವ ಮೊದಲು ಇದನ್ನು ಕೇಳು

ತಮ್ಮಾ, ನೀನು ಹಾಕಿದ ಫೋಟೊ ನೋಡಿದೆ. ಭಾಗಮಂಡಲದ ಮನೆಗೆ ಸೂರಿನ ತುದಿ ಲಂಗದ ಅಂಚಿನ ಹಾಗೆ ಹೊರಕ್ಕೆ ಎದ್ದಿರಬೇಕು, ಅದಕ್ಕೆ ಮಾಡಿನ ಇಳಿಜಾರಿನುದ್ದಕ್ಕೂ ಹೋಗುವ ಮರ, ಪಕ್ಕಾಸನ್ನೇ ಬಗ್ಗಿಸಬೇಕಾ ಅಂತ ಕೇಳಿದ್ದೀಯ. ಬೇಡಪ್ಪ. ಪಕ್ಕಾಸು ನೆಟ್ಟಗೇ ಇರಲಿ. ಅದರ ಕೆಳತುದಿಯ ಮೇಲೆ ಬೆಣೆಯಂಥ ತುಂಡು ಮರ ಕೂರಿಸಬೇಕು, ಅಷ್ಟೇ. ಒಳಗಡೆ ಚೂಪು, ಹೊರಗಡೆ ದಪ್ಪ. ಹೆಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು, ಅದರ ಮೇಲೆ ಬರುತ್ತದೆ.

ಮನೆಯ ಮಾಡು 40 ಡಿಗ್ರಿ ಇಳಿಜಾರು ಅಂದುಕೋ. ಕೊನೆಯ 2 ಅಡಿ, ಅಡ್ಡಕ್ಕೆ ಅಳೆದದ್ದು, 30 ಡಿಗ್ರಿಗೆ ತಂದರೆ ತುದಿ ಸುಮಾರು 6 ಇಂಚು ಮೇಲೇಳುತ್ತದೆ. ನೋಡಲು ಅಷ್ಟು ಸಾಕು. ನೀರೂ ಗೋಡೆಯಿಂದ ದೂರ ಬೀಳುತ್ತದೆ. 30ಕ್ಕಿಂತ ಕೆಳಗೆ ಮಾತ್ರ ಇಳಿಸಬೇಡ, ಕೈಮುಗಿದು ಹೇಳುತ್ತೇನೆ. ನಮ್ಮ ಮನೆಯಲ್ಲಿ ಚಂದ ಅಂತ ತುದಿ ಜಾಸ್ತಿ ಎತ್ತಿಸಿದೆವು, ಇಳಿಜಾರು ಕಡಿಮೆಯಾಯಿತು. ಮೇಲಿಂದ ರಭಸವಾಗಿ ಬಂದ ನೀರು ಸೂರಿನಲ್ಲಿ ನಿಧಾನವಾಯಿತು. ಕಕ್ಕಡ ತಿಂಗಳ, ಅಂದರೆ ಜೋರು ಮಳೆಗಾಲದ ಗಾಳಿ ಅದನ್ನು ಹೆಂಚಿನ ಸಂದಿಗೆ ಹಿಂದಕ್ಕೆ ನೂಕಿತು. ಎರಡೇ ಮಳೆಗಾಲಕ್ಕೆ ರೀಪೆಲ್ಲ ಕುಂಬಾಯಿತು. ಅಮ್ಮ ಜಗಲಿಯಲ್ಲಿ ಪಾತ್ರೆ ಇಟ್ಟು ನೀರು ಹಿಡಿದದ್ದು ಇನ್ನೂ ಕಣ್ಣಮುಂದಿದೆ.

ಇನ್ನೊಂದು, ಮಂಗಳೂರು ಹೆಂಚು ಬಗ್ಗುವುದಿಲ್ಲ ಅಲ್ವಾ. ಒಂದೇ ಕಡೆ ತಿರುವು ಕೊಟ್ಟರೆ ಅಲ್ಲಿ ಹೆಂಚು ಬಾಯಿ ಬಿಡುತ್ತದೆ. ಬೆಣೆಯ ಮೇಲ್ಭಾಗವನ್ನು ಸ್ವಲ್ಪ ಕುಳಿಯಾಗಿ ಕೆತ್ತಿಸು. ಎರಡು ಮೂರು ರೀಪಿನಲ್ಲಿ ಮೆಲ್ಲಗೆ ತಿರುಗಲಿ.

ಕೆಲಸ ಕೆಡುವುದು ಮೂಲೆಯಲ್ಲಿ. ಮೂಲೆಯ ಪಕ್ಕಾಸು ಓರೆಯಾಗಿ ಹೋಗುತ್ತದೆ. ಬೇರೆ ಕಡೆ 2 ಅಡಿ ಇದ್ದರೆ ಅಲ್ಲಿ 2 ಅಡಿ 10 ಇಂಚು ಬೇಕು. ಎತ್ತರ ಮಾತ್ರ ಅದೇ 6 ಇಂಚು. ಎಲ್ಲಕ್ಕೂ ಒಂದೇ ಅಳತೆಯ ಬೆಣೆ ಕೊಯ್ದಿಟ್ಟರೆ ಮೂಲೆ ಹೊಂದುವುದಿಲ್ಲ, ಮತ್ತೆ ಬಿಚ್ಚಬೇಕು. ಮೊದಲು ಅಂಗಳದಲ್ಲಿ ಸೀಮೆಸುಣ್ಣದಿಂದ ಪೂರ್ತಿ ಅಳತೆಗೆ ಬರೆಸು. ಮೂಲೆಯ ಬೆಣೆ ಮೊದಲು ಕೂರಲಿ. ಆಮೇಲೆ ಮೂಲೆಯಿಂದ ಮೂಲೆಗೆ ನೂಲು ಕಟ್ಟಿ, ನಡುವಿನದ್ದನ್ನೆಲ್ಲ ನೂಲಿಗೆ ಸರಿ ಮಾಡಲಿ.

ತೋಟದಲ್ಲೇ ಇದೆ ಅಂತ ಸುಮ್ನೆ ಸಿಲ್ವರ್ ಓಕ್ ಹಾಕಿಸಬೇಡ. ಸೂರು ಸದಾ ನೆನೆಯುವ ಜಾಗ, ಬೇಗ ಹುಳು ಹಿಡಿಯುತ್ತದೆ. ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಹಳೇ ಹೆಬ್ಬಲಸಿನ ತೊಲೆ ಇದೆ, ಕೇಳಿ ನೋಡು. ಎದ್ದ ಸೂರಿನ ಅಡಿಗೆ ಗಾಳಿ ನುಗ್ಗುತ್ತದೆ. ಕೆಳಗಿನ ಮೂರು ಸಾಲು ಹೆಂಚನ್ನು ರೀಪಿಗೆ ತಂತಿಯಲ್ಲಿ ಬಿಗಿಸಲೇಬೇಕು.

ಆಚಾರಿ ಅಳತೆ ಬರೆಯುವ ದಿನ ಫೋನ್ ಮಾಡು. ಬೆಳಗ್ಗೆಯೇ ಬರುತ್ತೇನೆ.