ಕಾಸರಕೋಡು ಕಡಲತೀರ: ಬೂದಿಯ ಪಕ್ಕದಲ್ಲಿ ಕಂಡ ಗುರುತು ಯಾವುದು?

ಪ್ರಶ್ನೆ (ಶರಾವತಿ ದಡ):
ಈ ಫೆಬ್ರವರಿಯ ಮೊದಲ ಭಾನುವಾರ ಬೆಳಗ್ಗೆ, ನೀರಿಳಿದ ಹೊತ್ತಿನಲ್ಲಿ, ಹೊನ್ನಾವರದ ಕಾಸರಕೋಡು ಟೊಂಕದ ತೀರದಲ್ಲಿ ನಡೆಯುತ್ತಿದ್ದಾಗ ಯಾರೋ ರಾತ್ರಿ ಟೆಂಟ್ ಹಾಕಿ ತಂಗಿದ್ದ ಜಾಗ ಕಂಡಿತು. ಇನ್ನೂ ಬೆಚ್ಚಗಿದ್ದ ಬೂದಿ, ಗೂಟ ಕಿತ್ತ ಕುಳಿಗಳು, ನೈಲಾನ್ ಹಗ್ಗದ ತುಂಡು, ಚಿಪ್ಸ್ ಪೊಟ್ಟಣಗಳು ಅಲ್ಲಿದ್ದವು. ಕಸವನ್ನೆಲ್ಲ ಚೀಲಕ್ಕೆ ತುಂಬುತ್ತಾ, ಅಲೆಯಂಚಿನಲ್ಲಿ ಬಿದ್ದಿದ್ದ, ರಬ್ಬರಿನಂತೆ ಬಾಗುವ, ಅಂಗಿಯ ಕಾಲರಿನ ಆಕಾರದ ಎರಡು ವಸ್ತುಗಳನ್ನೂ ಅವರದೇ ಕಸವೆಂದು ಭಾವಿಸಿ ಹಾಕಿಕೊಂಡೆ. ಮನೆಗೆ ಬಂದು ನೋಡಿದರೆ ಅವು ಮರಳಿನಿಂದಾದವು. ಅಲ್ಲದೆ, ನೀರಿನಿಂದ ಮೇಲೇರಿ ಬಂದ ಸುಮಾರು ಎರಡೂವರೆ ಅಡಿ ಅಗಲದ ಗುರುತೊಂದು, ಬೂದಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಅರ್ಧಚಂದ್ರಾಕಾರವಾಗಿ ತಿರುಗಿ ಸಮುದ್ರಕ್ಕೇ ಮರಳಿತ್ತು. ಇವೆರಡೂ ಏನೆಂದು ಬಲ್ಲವರು ತಿಳಿಸಬೇಕು.

ಉತ್ತರ (ಚಿಪ್ಪು ಸಂಗ್ರಾಹಕ):
ಆ ಕಾಲರು ಚಂದ್ರಬಸವನಹುಳು ಎಂಬ ಕಡಲ ಬಸವನಹುಳುವಿನ ಮೊಟ್ಟೆಗಳ ಹಾಳೆ. ಅದು ತನ್ನ ಲೋಳೆಗೆ ಮರಳು ಬೆರೆಸಿ, ನಡುವೆ ಸಾವಿರಾರು ಸೂಕ್ಷ್ಮ ಮೊಟ್ಟೆಗಳನ್ನಿಟ್ಟು, ಚಿಪ್ಪಿನ ಸುತ್ತ ಈ ಪಟ್ಟಿಯನ್ನು ರೂಪಿಸುತ್ತದೆ. ಮರಿಗಳು ಹೊರಬಿದ್ದ ಮೇಲೆ ಪಟ್ಟಿ ತಾನಾಗಿಯೇ ಕಳಚಿಹೋಗುತ್ತದೆ. ಇಡಿಯಾಗಿ, ಮೆತ್ತಗೆ ಸಿಕ್ಕಿತೆಂದರೆ ಒಳಗೆ ಇನ್ನೂ ಜೀವವಿರುವ ಸಾಧ್ಯತೆಯೇ ಹೆಚ್ಚು. ತೇವವಿದ್ದರೆ ದಯವಿಟ್ಟು ಇಂದೇ ನೀರಿಗೆ ಮರಳಿಸಿ.

ಉತ್ತರ (ದೋಣಿಮನೆ):
ನಾವು ಮೀನುಗಾರಿಕೆಯ ಮನೆಯವರು. ನೀವು ಕಂಡ ಗುರುತು ಕಡಲಾಮೆಯದು. ಎಡ ಬಲದ ಈಜುಕಾಲುಗಳ ಗುರುತು ಒಂದರ ನಂತರ ಒಂದಾಗಿ ಮೂಡಿದ್ದರೆ ಆಲಿವ್ ರಿಡ್ಲೆ ಎಂಬ ಜಾತಿಯ ಆಮೆ. ಚಳಿಗಾಲದಿಂದ ಮಾರ್ಚ್‌ವರೆಗೆ ಅವು ನಮ್ಮ ತೀರಕ್ಕೆ ಬಂದು, ಒಂದೊಂದು ಗೂಡಿನಲ್ಲಿ ಸುಮಾರು 100 ಮೊಟ್ಟೆಗಳನ್ನಿಡುತ್ತವೆ. ಬೆಳಕು, ಜನರ ಓಡಾಟ ಕಂಡರೆ ಮೊಟ್ಟೆಯಿಡದೆಯೇ ಹಿಂತಿರುಗುವುದುಂಟು. ಮರಳು ಕೆದಕಿದ ಗುರುತಿಲ್ಲದಿದ್ದರೆ ನೀವು ಕಂಡದ್ದು ಅದನ್ನೇ. ನಮ್ಮ ಅಜ್ಜ ಬಲೆಗೆ ಬಿದ್ದ ಆಮೆಗೆ ಕುಂಕುಮವಿಟ್ಟು ಕೈಮುಗಿದು ಬಿಡುತ್ತಿದ್ದರು, ಆದ್ದರಿಂದ ಇದನ್ನು ಓದುವಾಗ ಹೊಟ್ಟೆ ಉರಿಯಿತು. ಸಾಮಾನ್ಯವಾಗಿ ಅದೇ ರಾತ್ರಿಯೋ ಮುಂದಿನ ಕೆಲವು ರಾತ್ರಿಗಳಲ್ಲೋ ಆಮೆ ಮತ್ತೆ ಬರುತ್ತದೆ. ಅರಣ್ಯ ಇಲಾಖೆಗೆ ಜಾಗ ತಿಳಿಸಿ. ಕೋಲಿನಿಂದ ಚುಚ್ಚಿ ಮೊಟ್ಟೆ ಹುಡುಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಆಮೆ ಸಂರಕ್ಷಿತ ಪ್ರಾಣಿ.

ಉತ್ತರ (ಮರಳ ದಾರಿ):
ಬೂದಿಯ ಮೇಲೆ ಮರಳು ಮುಚ್ಚಿ ಬರಬೇಡಿ. ಕೆಂಡ ಒಳಗೇ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ, ಬರಿಗಾಲಿನ ಮಕ್ಕಳಿಗೆ ಕಾಣುವುದಿಲ್ಲ. ನೀರು ಸುರಿದು ಆರಿಸಿ, ಇದ್ದಿಲನ್ನು ಹೊತ್ತೊಯ್ಯಿರಿ.

ಶರಾವತಿ ದಡ:
ಎಲ್ಲರಿಗೂ ಕೃತಜ್ಞತೆಗಳು. ಒಂದು ಪಟ್ಟಿ ಆಗಲೇ ಒಣಗಿ ಪುಡಿಯಾಗಿತ್ತು. ಇನ್ನೊಂದು ಒದ್ದೆ ಹಗ್ಗದಡಿ ಮೆತ್ತಗೇ ಉಳಿದಿತ್ತು. ಅದನ್ನು ಸಂಜೆ ಮೊಣಕಾಲುದ್ದದ ನೀರಿನಲ್ಲಿಟ್ಟು ಬಂದೆ. ಅರಣ್ಯ ಇಲಾಖೆಯ ಸಿಬ್ಬಂದಿಗೆ ಗುರುತಿನ ಚಿತ್ರ ಕಳುಹಿಸಿದ್ದೇನೆ.