ಅಪ್ಪನಿಗೆ ಗ್ಲಿಯೋಬ್ಲಾಸ್ಟೋಮಾ, ನಮಗೆಲ್ಲ ಅಲರ್ಜಿ: ಜೀನ್ ಟೆಸ್ಟ್ ಮಾಡಿಸಬೇಕಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 58 ವರ್ಷ. ಅಡಿಕೆ ಸುಲಿಯುವವರ ಕೂಲಿ ಲೆಕ್ಕ ಬರೆಯುವಾಗ ಗೊತ್ತಿರುವ ಹೆಸರುಗಳೇ ನೆನಪಿಗೆ ಬರುತ್ತಿರಲಿಲ್ಲ. ಎಂಆರ್‌ಐ, ಆಪರೇಷನ್, ಬಯಾಪ್ಸಿ ಎಲ್ಲ ಆಯಿತು. ರಿಪೋರ್ಟಿನಲ್ಲಿ ಗ್ಲಿಯೋಬ್ಲಾಸ್ಟೋಮಾ (ಮೆದುಳಿನ ಒಂದು ಉಗ್ರ ಕ್ಯಾನ್ಸರ್), ಗ್ರೇಡ್ 4, ಐಡಿಎಚ್ ವೈಲ್ಡ್‌ಟೈಪ್ ಅಂತ ಇದೆ. ಈಗ ರೇಡಿಯೇಷನ್ ಜೊತೆ ಟೆಮೊಜೊಲೊಮೈಡ್ ಅನ್ನುವ ಕಿಮೋ ಔಷಧ ನಡೆಯುತ್ತಿದೆ.

ಚಿಕ್ಕಪ್ಪ ಒಂದು ಮೆಸೇಜ್ ಕಳಿಸಿದ್ದಾರೆ. ಅಲರ್ಜಿ, ದಮ್ಮು ಇರುವವರಿಗೆ ಮೆದುಳಿನ ಕ್ಯಾನ್ಸರ್ ಕಡಿಮೆ, ಅದಕ್ಕೆ ರೋಗನಿರೋಧಕ ಶಕ್ತಿಯ ಜೀನ್‌ಗಳೇ ಕಾರಣ ಅಂತ. ಅಪ್ಪ ಸೀನಿದ್ದನ್ನೇ ನಾವು ನೋಡಿಲ್ಲ. ನಾನು ಬೆಳಗಾದರೆ ಸೀನುತ್ತೇನೆ, ತಂಗಿ ಇನ್‌ಹೇಲರ್ ತಗೊಳ್ತಾಳೆ. ಹಾಗಾದರೆ ಅಪ್ಪನ ಜೀನಿನಲ್ಲೇ ಕೊರತೆ ಇತ್ತಾ? ಎಂಜಲು ಕಳಿಸಿದರೆ ಜೀನ್ ನೋಡಿ ಹೇಳುವ ಟೆಸ್ಟ್ ಆನ್‌ಲೈನಿನಲ್ಲಿ ಸಿಗುತ್ತಂತೆ, ಮಾಡಿಸಬೇಕಾ? ದಮ್ಮು ಇದ್ದರೇ ಒಳ್ಳೆಯದಲ್ವಾ ಅಂತ ತಂಗಿ ಇನ್‌ಹೇಲರ್ ಬಿಡ್ತೀನಿ ಅಂತಿದ್ದಾಳೆ.

ಲ್ಯಾಬ್ ಅಕ್ಕ:
ಮೊದಲು ತಂಗಿ ವಿಷಯ. ಇನ್‌ಹೇಲರ್ ಬಿಡೋದು ಬೇಡವೇ ಬೇಡ. ದಮ್ಮು ಜೋರಾದರೆ ಜೀವಕ್ಕೇ ಅಪಾಯ. ಇವತ್ತೇ ಹೇಳಿಬಿಡಿ.

ನಾನು ಡಾಕ್ಟರ್ ಅಲ್ಲ, ಜೆನೆಟಿಕ್ಸ್ ಲ್ಯಾಬಿನಲ್ಲಿ ಕೆಲಸ. ರಿಪೋರ್ಟ್ ತಗೊಳ್ಳೋಕೆ ಬಂದವರು ಐಡಿಎಚ್ ಅನ್ನುವ ಸಾಲಿನ ಮೇಲೆ ಬೆರಳಿಟ್ಟು "ಇದು ಮಕ್ಕಳಿಗೂ ಬರುತ್ತಾ ಮೇಡಂ" ಅಂತ ಕೇಳುತ್ತಾರೆ. ಆ ಸಾಲು ಗಡ್ಡೆಯ ಜೀವಕೋಶದ ಜೀನ್ ಬಗ್ಗೆ, ವೈಲ್ಡ್‌ಟೈಪ್ ಅಂದರೆ ಗಡ್ಡೆಯಲ್ಲಿ ಐಡಿಎಚ್ ಜೀನ್ ಬದಲಾಗಿಲ್ಲ ಅಂತ. ಅಪ್ಪನಿಗೆ ಹುಟ್ಟಿನಿಂದ ಬಂದದ್ದರ ಬಗ್ಗೆ ಅಲ್ಲ.

ಚಿಕ್ಕಪ್ಪ ಕಳಿಸಿದ್ದು ಪೂರ್ತಿ ಸುಳ್ಳಲ್ಲ. ಗ್ಲಿಯೋಮಾ (ಗ್ಲಿಯೋಬ್ಲಾಸ್ಟೋಮಾ ಸೇರಿದ ಮೆದುಳಿನ ಗಡ್ಡೆಗಳ ಗುಂಪು) ಬಂದವರಲ್ಲಿ ಅಲರ್ಜಿ ಇದ್ದವರು ಕಡಿಮೆ ಅಂತ ಎಷ್ಟೋ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಮೆದುಳಿನ ಗಡ್ಡೆ ಇರುವವರನ್ನು "ಚಿಕ್ಕಂದಿನಲ್ಲಿ ಅಲರ್ಜಿ ಇತ್ತಾ" ಅಂತ ಕೇಳಿದರೆ ಉತ್ತರವನ್ನು ಎಷ್ಟು ನಂಬೋದು? ಎಷ್ಟೋ ಸಲ ಹೆಂಡತಿಯೋ ಮಗನೋ ಉತ್ತರ ಕೊಡಬೇಕಾಗುತ್ತದೆ. ಗಡ್ಡೆಯೇ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಅಲರ್ಜಿಯನ್ನು ಅಡಗಿಸಿರಲೂಬಹುದು. ಹುಟ್ಟಿನಿಂದ ಬಂದ ಜೀನ್ ಹಾಗಲ್ಲ, ಮರೆಯುವುದೂ ಇಲ್ಲ, ಕಾಯಿಲೆ ಬಂತು ಅಂತ ಬದಲಾಗುವುದೂ ಇಲ್ಲ. ಅದಕ್ಕೇ 2005ರಲ್ಲಿ ಸಂಶೋಧಕಿ ಜುಡಿತ್ ಶ್ವಾರ್ಟ್ಸ್‌ಬಾಮ್ ಅವರ ತಂಡ ದಮ್ಮಿಗೆ ಸಂಬಂಧಪಟ್ಟ ಐಎಲ್-4 ರಿಸೆಪ್ಟರ್, ಐಎಲ್-13 ಜೀನ್‌ಗಳನ್ನು ನೋಡಿತು. ದಮ್ಮಿನ ಕಡೆ ವಾಲುವ ರೂಪಗಳು ಗ್ಲಿಯೋಬ್ಲಾಸ್ಟೋಮಾ ರೋಗಿಗಳಲ್ಲಿ ಕಡಿಮೆ ಇದ್ದವು. ಆದರೆ ಅದು ಚಿಕ್ಕ ಅಧ್ಯಯನ. ಆಮೇಲೆ ಬೇರೆಯವರು ನೋಡಿದಾಗ ಅದೇ ಫಲಿತಾಂಶ ಎಲ್ಲ ಕಡೆ ಬರಲಿಲ್ಲ.

ನನಗೆ ಹಿಡಿಸಿದ್ದು ಅದೇ ತಂಡ 2012ರಲ್ಲಿ ಪ್ರಕಟಿಸಿದ ಕೆಲಸ. ನಾರ್ವೆಯಲ್ಲಿ ಆರೋಗ್ಯವಂತರಿಂದ ತೆಗೆದಿಟ್ಟ ರಕ್ತದ ಮಾದರಿಗಳಿದ್ದವು. ಅದರಲ್ಲಿ ಐಜಿಇ, ಅಂದರೆ ಅಲರ್ಜಿ ಇದ್ದವರ ರಕ್ತದಲ್ಲಿ ಏರುವ ಪ್ರತಿಕಾಯ, ನೋಡಿದರು. ಕಾಯಿಲೆ ಪತ್ತೆಯಾಗುವ 20 ವರ್ಷ ಮೊದಲಿನ ರಕ್ತದಲ್ಲೂ ಅಲರ್ಜಿ ಇದ್ದರೆ ಗ್ಲಿಯೋಮಾ ಕಡಿಮೆ ಅನ್ನುವ ಆ ಸಂಬಂಧ ಕಂಡಿತು. ಅಂದರೆ ಬರೀ ಗಡ್ಡೆಯ ಆಟ ಅಂತ ತಳ್ಳಿಹಾಕೋಕೆ ಆಗಲ್ಲ.

ಆದರೆ 2017ರಲ್ಲಿ 12 ಸಾವಿರಕ್ಕೂ ಜಾಸ್ತಿ ಗ್ಲಿಯೋಮಾ ರೋಗಿಗಳ ಜೀನ್ ನೋಡಿದಾಗ ಎದ್ದು ಕಂಡದ್ದು ಟಿಇಆರ್‌ಟಿ, ಆರ್‌ಟಿಇಎಲ್1 ತರಹದ, ಕ್ರೋಮೋಸೋಮಿನ ತುದಿ ಕಾಯುವ ಜೀನ್‌ಗಳು. ಅಲರ್ಜಿಗೆ ಒಲವು ಕೊಡುವ ಜೀನ್‌ಗಳನ್ನೇ ಇಟ್ಟುಕೊಂಡು 2018ರಲ್ಲಿ ಲೆಕ್ಕ ಹಾಕಿದಾಗಲೂ ಅವು ಕಾಪಾಡುತ್ತವೆ ಅನ್ನಲು ಗಟ್ಟಿ ಸಾಕ್ಷಿ ಸಿಗಲಿಲ್ಲ.

ಇನ್ನು ಟೆಸ್ಟ್. ಅಮೆರಿಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 3 ಜನಕ್ಕೆ ಗ್ಲಿಯೋಬ್ಲಾಸ್ಟೋಮಾ ಬರುತ್ತದೆ. ಅಲರ್ಜಿಯಿಂದ ಅಪಾಯ 30 ಪರ್ಸೆಂಟ್ ಇಳಿಯುತ್ತದೆ ಅಂತಲೇ ಇಟ್ಟುಕೊಳ್ಳಿ. ಲಕ್ಷಕ್ಕೆ 3 ಇದ್ದದ್ದು 2 ಆಯಿತು, ಅಷ್ಟೇ. ಎಂಜಲು ನೋಡಿ ಆ ಒಬ್ಬರು ನೀವೋ ಅಲ್ಲವೋ ಅಂತ ಯಾರೂ ಹೇಳೋಕಾಗಲ್ಲ. ಆ ದುಡ್ಡು ಅಪ್ಪನ ಓಡಾಟಕ್ಕೆ ಇಟ್ಟುಕೊಳ್ಳಿ. ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಮೂಳೆ, ಸ್ತನ, ಮೆದುಳಿನ ಕ್ಯಾನ್ಸರ್ ಬಂದವರು ಇದ್ದಾರಾ? ಇದ್ದರೆ ಮಾತ್ರ ಬೇರೆ ಮಾತು. ಲಿ-ಫ್ರೌಮೆನಿ ಅಂತ ಟಿಪಿ53 ಜೀನಿನ ಒಂದು ಸಮಸ್ಯೆ ಇದೆ, ಜೆನೆಟಿಕ್ ಕೌನ್ಸೆಲರ್ ಹತ್ತಿರ ಹೋಗಬೇಕು.

ಮಲ್ಲಿಗೆ ಮನೆ:
ನಮ್ಮೆಜಮಾನರಿಗೂ ಇದೇ ಕಾಯಿಲೆ ಇತ್ತು. ಅವರ ರೋಗನಿರೋಧಕ ಶಕ್ತಿ ಹೇಗಿತ್ತು ಅಂತ ಹಿಂದಿನದೆಲ್ಲ ಕೆದಕಿ ನಾನು ಎಷ್ಟು ಅತ್ತಿದ್ದೇನೋ. ನೀವು ಈಗಿನದನ್ನು ನೋಡಿಕೊಳ್ಳಿ. ಟೆಮೊಜೊಲೊಮೈಡಿನಿಂದ ಬಿಳಿರಕ್ತಕಣ ಇಳಿಯುತ್ತದೆ. ಮೆದುಳಿನ ಊತಕ್ಕೆ ಕೊಡುವ ಡೆಕ್ಸಾ (ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್) ಕೂಡ ರೋಗನಿರೋಧಕ ಶಕ್ತಿ ತಗ್ಗಿಸುತ್ತದೆ, ಶುಗರ್ ಏರಿಸುತ್ತದೆ. ಬರೆದುಕೊಟ್ಟ ರಕ್ತಪರೀಕ್ಷೆ ತಪ್ಪಿಸಬೇಡಿ. ಜ್ವರ 100.4 ಮುಟ್ಟಿದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಫೋನ್ ಮಾಡಿ. ಡೆಕ್ಸಾ ಮಾತ್ರೆಯನ್ನು ನೀವಾಗಿಯೇ ದಿಢೀರಂತ ನಿಲ್ಲಿಸಬೇಡಿ.

ತುಂಗಾತೀರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಕ್ಕ. ಅಜ್ಜಿಯನ್ನೂ ಅತ್ತೆಯನ್ನೂ ಕೇಳಿದೆ, ನಮ್ಮಲ್ಲಿ ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರ್ ಬಂದವರು ಯಾರೂ ಇಲ್ಲ. ಟೆಸ್ಟ್ ಬಿಟ್ಟೆವು. ತಂಗಿಗೆ ನಿಮ್ಮ ಉತ್ತರವನ್ನೇ ಓದಿಸಿದೆ, ಇನ್‌ಹೇಲರ್ ತಗೊಳ್ತಿದ್ದಾಳೆ. "ನಾನು ಸರಿಯಾಗಿ ಊಟ ಹಾಕಿದ್ದರೆ ಶಕ್ತಿ ಇರ್ತಿತ್ತು" ಅಂತ ಅಮ್ಮ ಕೊರಗುತ್ತಿದ್ದರು, ನಿನ್ನ ತಪ್ಪಲ್ಲ ಅಂತ ಅವರಿಗೂ ಹೇಳಿದೆ. ಮಲ್ಲಿಗೆ ಅಕ್ಕ, ಡೆಕ್ಸಾ ಶುರುವಾದ ಮೇಲೆ ಅಪ್ಪನಿಗೆ ವಿಪರೀತ ಹಸಿವು. ಮನೆಯಲ್ಲಿ ಶುಗರ್ ಯಾವಾಗ ಚೆಕ್ ಮಾಡ್ತಿದ್ರಿ?

ಮಲ್ಲಿಗೆ ಮನೆ:
ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಲ, ಮಧ್ಯಾಹ್ನ ಊಟವಾಗಿ ಎರಡು ತಾಸು ಕಳೆದ ಮೇಲೆ ಇನ್ನೊಂದು ಸಲ. ಡೆಕ್ಸಾ ಬೆಳಿಗ್ಗೆ ತಗೊಂಡರೆ ಮಧ್ಯಾಹ್ನದ ಮೇಲೇ ಜಾಸ್ತಿ ಏರುತ್ತದೆ, ಬರೀ ಬೆಳಗಿನದು ನೋಡಿದರೆ ಗೊತ್ತಾಗಲ್ಲ. ಒಂದು ಪುಸ್ತಕದಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ.